‘ಅಷ್ಟೊಂದು ಅವಸರ ಯಾಕೆ?’: ಹವಾಮಾನ ಬದಲಾವಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಅಡಿಕೆ, ಕಾಫಿ ಮನೆ. ನಾನಿರುವುದು ಬೆಂಗಳೂರಿನಲ್ಲಿ. ಊರಿಗೆ ಹೋದರೆ ಜಗಲಿಯಲ್ಲಿ, ಇಲ್ಲಿದ್ದರೆ ಅಪಾರ್ಟ್‌ಮೆಂಟಿನ ನೀರಿನ ಮೀಟಿಂಗಿನಲ್ಲಿ, ಎರಡೂ ಇಲ್ಲದಿದ್ದರೆ ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಬಂದೇ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಒಂದು ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು. ಕೆಲವಕ್ಕೆ ಉದ್ದ ಉತ್ತರ ಬೇಕು. ಕೆಲವು ನಾಲ್ಕು ಸಾಲಿಗೆ ಮುಗಿಯುತ್ತವೆ.

ಬರ, ನೆರೆ ಹಿಂದೆಯೂ ಇದ್ದವಲ್ಲ? ಈಗ ಹೊಸದೇನು?

ಇದ್ದವು. 1876–78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲೇ ಲಕ್ಷಾಂತರ ಜನ ಸತ್ತರು. ಮಳೆ ಯಾವತ್ತೂ ಕೊಟ್ಟ ಮಾತು ಉಳಿಸಿಕೊಂಡದ್ದಿಲ್ಲ. ಆದರೂ ನಮ್ಮ ಹಿರಿಯರಿಗೆ ಒಂದು ಅಂದಾಜು ಇತ್ತು. ‘ಭರಣಿ ಸುರಿದರೆ ಧರಣಿಯೆಲ್ಲಾ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ’ ಅಂತ ಗಾದೆ ಕಟ್ಟಬೇಕಾದರೆ ಆ ಮಳೆ ನೂರು ಸಲದಲ್ಲಿ ಎಂಬತ್ತು ಸಲವಾದರೂ ಹೇಳಿದ ಹೊತ್ತಿಗೆ ಬಂದಿರಬೇಕು ಅಲ್ವಾ?

2023ರ ಆಗಸ್ಟ್ ನೆನಪಿದೆಯಾ? ಆಶ್ಲೇಷ, ಮಖೆ ಮಳೆಗಳೆರಡೂ ಕೈಕೊಟ್ಟವು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇನ್ನೊಂದಿಲ್ಲ. ಕರ್ನಾಟಕದಲ್ಲಿ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಮರು ವರ್ಷ ಜುಲೈನಲ್ಲಿ ಉಲ್ಟಾ. ಸುರಿದ ಮಳೆಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಬಂತು. 2023ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕೆಡಿಸುವ ವಿದ್ಯಮಾನ, ಇತ್ತು ನಿಜ. ಅದು ಹಿಂದೆಯೂ ಬರುತ್ತಿತ್ತು. ಈಗ ಅದು ಬರುವುದು ಮೊದಲೇ ಬಿಸಿಯಾಗಿ ಕೂತಿರುವ ಸಮುದ್ರದ ಮೇಲೆ.

ಈ ಸಲ ಚಳಿಗಾಲದಲ್ಲಿ ಹಲ್ಲು ಕಟಕಟ ಅಂದವು. ಭೂಮಿ ಬಿಸಿಯಾಗಿದ್ದು ಎಲ್ಲಿ?

ಒಂದು ವಾರದ ಚಳಿ ಬೇರೆ, ಮೂವತ್ತು ವರ್ಷದ ಸರಾಸರಿ ಬೇರೆ. ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದವೇ. ನಾಳೆ ಮಳೆ ಬರುತ್ತಾ ಅಂತ ಹೇಳುವುದೂ ‘ಹವಾಮಾನ ವರದಿ’, ನೂರು ವರ್ಷದ ಕಥೆಯೂ ‘ಹವಾಮಾನ ಬದಲಾವಣೆ’. ಶಾಲೆಯ ಭೂಗೋಳದ ಪುಸ್ತಕದಲ್ಲಿ ಎರಡನೆಯದಕ್ಕೆ ‘ವಾಯುಗುಣ’ ಅನ್ನುವ ಒಳ್ಳೆಯ ಪದ ಇತ್ತು. ಪರೀಕ್ಷೆ ಮುಗಿದ ಮೇಲೆ ಅದನ್ನು ಯಾರೂ ಬಳಸಲಿಲ್ಲ.

ಒಂದೂವರೆ ಡಿಗ್ರಿ ಒಂದು ಲೆಕ್ಕವಾ? ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತದಲ್ಲ?

ಅದು ಒಂದೂರಿನ ಒಂದು ದಿನ. ಇದು ಇಡೀ ಭೂಮಿಯ ಸರಾಸರಿ. ಸುಮಾರು 20,000 ವರ್ಷದ ಹಿಂದೆ ಉತ್ತರ ಅಮೆರಿಕ, ಯುರೋಪಿನ ದೊಡ್ಡ ಭಾಗ ಮಂಜುಗಡ್ಡೆಯ ಕೆಳಗಿದ್ದಾಗ ಭೂಮಿ ಇವತ್ತಿಗಿಂತ ಐದಾರು ಡಿಗ್ರಿಯಷ್ಟೇ ತಂಪಾಗಿತ್ತು. ಅಲ್ಲಿಂದ ಮೇಲೇರಲು ಸಾವಿರಾರು ವರ್ಷ ಹಿಡಿಯಿತು. ನಾವು ಒಂದು ಡಿಗ್ರಿಗೂ ಮೇಲೆ ಏರಿಸಿದ್ದು ನೂರೈವತ್ತು ವರ್ಷದಲ್ಲಿ. ಅದರಲ್ಲೂ ಬಹುಪಾಲು ನಮ್ಮ ಅಪ್ಪ ಅಮ್ಮನ ಕಾಲದಿಂದ ಈಚೆಗೆ.

2024 ದಾಖಲೆಯಲ್ಲೇ ಅತಿ ಬಿಸಿ ವರ್ಷ. 1850–1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಜಾಸ್ತಿ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಬಿಸಿಯನ್ನು ಇಷ್ಟರೊಳಗೆ ತಡೆಯಲು ಪ್ರಯತ್ನಿಸುತ್ತೇವೆ ಅಂತ ದೇಶಗಳು 2015ರ ಪ್ಯಾರಿಸ್ ಒಪ್ಪಂದದಲ್ಲಿ ಹಾಕಿಕೊಂಡ 1.5ರ ಗೆರೆ ಒಂದೇ ವರ್ಷದ್ದಲ್ಲ, ಹಲವು ವರ್ಷಗಳ ಸರಾಸರಿಯದು. ಹಾಗಾಗಿ ಗೆರೆ ದಾಟಿಬಿಟ್ಟೆವು ಅಂತ ಇನ್ನೂ ಹೇಳುವ ಹಾಗಿಲ್ಲ. ಹತ್ತಿರ ಹೋಗಿದ್ದೇವೆ ಅನ್ನುವುದಕ್ಕೆ ಅನುಮಾನವೂ ಬೇಡ.

ಮಳೆಯ ಲೆಕ್ಕದಲ್ಲಿ ಹೇಳಬೇಕೆಂದರೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಿನ ಆವಿ ಹಿಡಿದುಕೊಳ್ಳುತ್ತದೆ. ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಸುರಿಯದೇ ಇದ್ದಾಗ ನೆಲದ ತೇವವನ್ನೂ ಹೀರುತ್ತದೆ. ಬರ, ನೆರೆ ಎರಡೂ ಒಟ್ಟಿಗೆ ಹೆಚ್ಚುವುದು ಹೀಗೆ.

ಇದಕ್ಕೆ ಮನುಷ್ಯರೇ ಕಾರಣ ಅಂತ ಹೇಗೆ ಗೊತ್ತು? ಸೂರ್ಯನದ್ದೇ ಶಾಖ ಹೆಚ್ಚಾಗಿರಬಹುದು.

1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಾಖ ಅಳೆಯುತ್ತಿವೆ. ಅದು ಏರಿಲ್ಲ. ಇನ್ನೊಂದು ಸುಳಿವು ಇನ್ನೂ ಚೆನ್ನಾಗಿದೆ. ಸೂರ್ಯನೇ ಕಾರಣ ಆಗಿದ್ದರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆಗುತ್ತಿರುವುದು ಕೆಳಗಿನ ಪದರ ಬಿಸಿ, ಮೇಲಿನ ಪದರ ತಂಪು. ಕಂಬಳಿ ಹೊದ್ದಾಗ ಶಾಖ ಒಳಗೇ ಉಳಿಯುತ್ತದಲ್ಲ, ಹಾಗೆ.

ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡೇ ಆ ಕಂಬಳಿ. ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗುತ್ತದೆ ಅಂತ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳತೆ ಶುರುವಾದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಕಾರ್ಖಾನೆಗಳು ಬರುವ ಮುಂಚೆ ಇದ್ದದ್ದು 280.

ಸರಿ, ಒಪ್ಪಿದೆ. ಆದರೆ ಅವಸರ ಯಾಕೆ? ಹತ್ತು ವರ್ಷ ಬಿಟ್ಟು, ಒಳ್ಳೆಯ ತಂತ್ರಜ್ಞಾನ ಬಂದ ಮೇಲೆ ಮಾಡಿದರೆ ಆಗುವುದಿಲ್ಲವೇ?

ಎಲ್ಲ ಪ್ರಶ್ನೆಗಳ ತಾಯಿಬೇರು ಇದು. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಅಡುಗೆಮನೆಯಲ್ಲಿ ಹೊಗೆ ತುಂಬಿದರೆ ಕಿಟಕಿ ತೆಗೆದರೆ ಸಾಕು, ಅರ್ಧ ಗಂಟೆಯಲ್ಲಿ ಹೋಗುತ್ತದೆ. ದೆಹಲಿಯ ಹೊಗೆಯೂ ಒಂದು ದೊಡ್ಡ ಮಳೆಗೆ ಇಳಿಯುತ್ತದೆ. ನಮ್ಮ ತಲೆಯಲ್ಲಿರುವ ಮಾಲಿನ್ಯದ ಕಲ್ಪನೆ ಇಂಥದ್ದೇ. ಹಾಕುವುದು ನಿಲ್ಲಿಸಿದರೆ ತಾನೇ ಸರಿಹೋಗುತ್ತದೆ ಅಂತ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಇವತ್ತು ಬಿಟ್ಟದ್ದರಲ್ಲಿ ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಒಂದಷ್ಟು ಪಾಲು ಸಾವಿರಾರು ವರ್ಷ. ಅಂದರೆ ಹೊಸದು ಹಳೆಯದರ ಮೇಲೆ ಸೇರುತ್ತಲೇ ಹೋಗುತ್ತದೆ. ಹನಿಹನಿಗೂಡಿದರೆ ಹಳ್ಳ ಅನ್ನುವ ಮಾತನ್ನು ನಾವು ಉಳಿತಾಯಕ್ಕೆ ಹೇಳುತ್ತೇವೆ. ಇಲ್ಲಿ ಅದು ಸಾಲಕ್ಕೆ ಹೊಂದುತ್ತದೆ.

ಲೆಕ್ಕ ನೋಡಿ. ವಿಜ್ಞಾನಿಗಳ ಅಂದಾಜಿನ ಪ್ರಕಾರ ಪ್ರತಿ ಒಂದು ಲಕ್ಷ ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಭೂಮಿ ಸುಮಾರು 0.45 ಡಿಗ್ರಿ ಬಿಸಿಯಾಗುತ್ತದೆ. ಕಲ್ಲಿದ್ದಲು, ಎಣ್ಣೆ, ಗ್ಯಾಸು, ಕಾಡು ಕಡಿಯುವುದು ಎಲ್ಲ ಸೇರಿ ಜಗತ್ತು ವರ್ಷಕ್ಕೆ ಬಿಡುವುದು ಸುಮಾರು 4,000 ಕೋಟಿ ಟನ್. ಹತ್ತು ವರ್ಷ ಸುಮ್ನೆ ಕೂತರೆ 40,000 ಕೋಟಿ. ಅಂದರೆ ಹತ್ತಿರಹತ್ತಿರ 0.18 ಡಿಗ್ರಿ. ಆಮೇಲೆ ಎಷ್ಟೇ ಒಳ್ಳೆಯವರಾದರೂ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇಳಿಯುವುದಿಲ್ಲ. ‘ಕಾಯೋಣ’ ಅಂದರೆ ಕೆಲಸ ಮುಂದೂಡಿದ ಹಾಗೆ ಕಾಣುತ್ತದೆ. ನಿಜಕ್ಕೂ ಆಗುವುದು ಕೆಲಸ ಹೆಚ್ಚಿಸಿಕೊಳ್ಳುವುದು.

ಎರಡನೇ ಕಾರಣ, ನಾವು ಕಟ್ಟುವ ವಸ್ತುಗಳ ಆಯಸ್ಸು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಆಗ ಹುಟ್ಟಿದ ಮಗುವಿಗೆ ಈಗ ನಲವತ್ತು ದಾಟಿದೆ. ಕಲ್ಲಿದ್ದಲಿನ ಘಟಕವೊಂದನ್ನು ಕಟ್ಟಿದರೆ ಮೂವತ್ತು ನಲವತ್ತು ವರ್ಷ ಸುಡುತ್ತೇವೆ ಅಂತ ಬರೆದುಕೊಟ್ಟ ಹಾಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನೇ ನೋಡಿ. ಒಂದು ಕಾಲದಲ್ಲಿ ಫ್ಯಾನ್ ಕೂಡ ಬೇಡವಾಗಿದ್ದ ಊರಿನಲ್ಲಿ, ಬಿಸಿಲು ಒಳಗೆ ಬಿಟ್ಟುಕೊಂಡು ಅದನ್ನು ಎಸಿಯಿಂದ ಹೊರಗೆ ಹಾಕುತ್ತೇವೆ. ಕಟ್ಟಿದವರು ಹೋದ ಮೇಲೂ ಆ ಗಾಜು ಇರುತ್ತದೆ. ಇವತ್ತು ತಪ್ಪು ಕಟ್ಟಿದರೆ 2060ರವರೆಗೆ ತಪ್ಪಿನಲ್ಲೇ ಇರಬೇಕು.

ಇನ್ನು ತಂತ್ರಜ್ಞಾನ. 2010ರಿಂದ ಈಚೆಗೆ ಸೋಲಾರ್ ವಿದ್ಯುತ್ತಿನ ಖರ್ಚು ಸುಮಾರು ಶೇ. 90ರಷ್ಟು ಇಳಿದಿದೆ. ಬರಲಿ ಅಂತ ಕಾಯುತ್ತಿದ್ದ ನೆಂಟ ಬಂದು ಬಾಗಿಲಲ್ಲಿ ನಿಂತಿದ್ದಾನೆ. ನಾವಿನ್ನೂ ರಸ್ತೆ ನೋಡುತ್ತಿದ್ದೇವೆ.

ಹಾಗಾದರೆ 2030 ದಾಟಿದರೆ ಎಲ್ಲಾ ಮುಗೀತಾ?

ಇಲ್ಲ. 1.5ಕ್ಕೆ ನಿಲ್ಲಿಸಬೇಕಾದರೆ ಜಗತ್ತು ಬಿಡುವ ಇಂಗಾಲದ ಡೈಆಕ್ಸೈಡ್ 2030ರ ಹೊತ್ತಿಗೆ 2010ಕ್ಕಿಂತ ಸುಮಾರು ಶೇ. 45ರಷ್ಟು ಇಳಿಯಬೇಕು ಅಂತ 2018ರಲ್ಲಿ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಹೇಳಿತು. ಪತ್ರಿಕೆಗಳಲ್ಲಿ ಅದು ‘ಇನ್ನು ಹನ್ನೆರಡೇ ವರ್ಷ’ ಆಯಿತು. ಆಮೇಲೆ ಜನ ಪ್ರಳಯದ ದಿನಾಂಕದ ಹಾಗೆ ಅದನ್ನು ನೋಡತೊಡಗಿದರು.

ಇದು ಎಸ್ಸೆಸ್ಸೆಲ್ಸಿ ಅಲ್ಲ, ಇಷ್ಟು ಬಂದರೆ ಪಾಸು, ಒಂದು ಅಂಕ ಕಡಿಮೆಯಾದರೆ ಫೇಲು ಅನ್ನಲಿಕ್ಕೆ. 1.6ಕ್ಕೆ ನಿಂತರೆ 1.7ಕ್ಕಿಂತ ವಾಸಿ. 2ಕ್ಕೆ ನಿಂತರೆ 2.5ಕ್ಕಿಂತ ಎಷ್ಟೋ ವಾಸಿ. ಅರ್ಧ ಡಿಗ್ರಿಯ ಬೆಲೆ ನೋಡಬೇಕೆಂದರೆ ಹವಳದ ದಿಬ್ಬಗಳನ್ನು ನೋಡಿ. 1.5ಕ್ಕೆ ಶೇ. 70ರಿಂದ 90 ಹೋಗುತ್ತವೆ ಅಂತ ಅದೇ ವರದಿಯ ಅಂದಾಜು. 2ಕ್ಕೆ ಶೇ. 99ಕ್ಕೂ ಜಾಸ್ತಿ.

ಹೊರಸೂಸುವುದು ನಿಲ್ಲಿಸಿದರೆ ಸಮುದ್ರವೂ ಇಳಿಯುತ್ತಾ?

ಇಳಿಯುವುದಿಲ್ಲ. ನಿವ್ವಳ ಶೂನ್ಯಕ್ಕೆ, ಅಂದರೆ ಬಿಡುವಷ್ಟನ್ನೇ ಗಾಳಿಯಿಂದ ವಾಪಸ್ ತೆಗೆಯುವ ಸ್ಥಿತಿಗೆ, ಬಂದರೆ ಭೂಮಿಯ ಬಿಸಿ ಏರುವುದು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಸಮುದ್ರ ಮಾತ್ರ ಮಳೆ ನಿಂತರೂ ಮರದ ಹನಿ ನಿಲ್ಲದ ಹಾಗೆ ಶತಮಾನಗಳ ಕಾಲ ಏರುತ್ತಲೇ ಇರುತ್ತದೆ. ನೀರು ನಿಧಾನ ಬಿಸಿಯಾಗುತ್ತದೆ, ಹಿಮ ನಿಧಾನ ಕರಗುತ್ತದೆ. ಉಳ್ಳಾಲದ ಕಡೆ ಪ್ರತಿ ಮಳೆಗಾಲ ಕಡಲ್ಕೊರೆತಕ್ಕೆ ಕಲ್ಲು ಸುರಿಯುವವರಿಗೆ ಇದು ಒಳ್ಳೆಯ ಸುದ್ದಿಯಲ್ಲ. ಆ ಕೊರೆತಕ್ಕೆ ಬೇರೆ ಕಾರಣಗಳೂ ಇವೆ ಅನ್ನುವುದೂ ನಿಜ.

ಗುಡ್ಡ ಕುಸಿತ, ಬೆಂಗಳೂರಿನ ಪ್ರವಾಹ, ಎಲ್ಲಾ ಹವಾಮಾನ ಬದಲಾವಣೆಯಿಂದಲೇ?

ಅಲ್ಲ. ಹಾಗಂತ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರಲ್ಲ, ಮಳೆ ಜೋರಿತ್ತು ಸರಿ. ರಾಜಕಾಲುವೆ ಮುಚ್ಚಿ ಲೇಔಟ್ ಮಾಡಿದ್ದು ಮಳೆಯಲ್ಲ. ಶಿರೂರಿನಲ್ಲಿ ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದರು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಅಷ್ಟೊಂದು ಕಡೆ ಗುಡ್ಡ ಜಾರಿದಾಗಲೂ ಇಳಿಜಾರು ಕತ್ತರಿಸಿದ ರಸ್ತೆ, ಮನೆ, ರೆಸಾರ್ಟುಗಳ ಮಾತು ಬಂತು.

ಹವಾಮಾನ ಬದಲಾವಣೆ ಇಂಥ ಕಡೆ ಮಾಡುವುದು ಮೊದಲೇ ಬಿರುಕು ಬಿಟ್ಟಿದ್ದರ ಮೇಲೆ ಇನ್ನಷ್ಟು ಭಾರ ಹಾಕುವ ಕೆಲಸ. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದ ದುರಂತದ ಆಮೇಲೆ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿತು. ಆ ದಿನದ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ. 10ರಷ್ಟು ಜಾಸ್ತಿ ಸುರಿದಿತ್ತು. ಹತ್ತೇ ತಾನೇ ಅನ್ನಬೇಡಿ. ತುಂಬಿದ ಕೆರೆಯ ಏರಿ ಒಡೆಯುವುದು ಕೊನೆಯ ಒಂದು ಗೇಣು ನೀರಿಗೆ.

ಪಶ್ಚಿಮ ಘಟ್ಟವನ್ನು ಉಳಿಸುವ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ, ಅಂದರೆ ಶಿರೂರಿನ ಎರಡೇ ತಿಂಗಳಿಗೆ, ಕಸ್ತೂರಿರಂಗನ್ ವರದಿ ಬೇಡ ಅಂತ ಮತ್ತೊಮ್ಮೆ ತೀರ್ಮಾನಿಸಿತು. ನಮ್ಮೂರಿನವರಿಗೂ ಆ ವರದಿ ಕಂಡರೆ ಭಯವೇ. ಮನೆ ಕಟ್ಟಲು ಬಿಡುವುದಿಲ್ಲ, ತೋಟ ಕಿತ್ತುಕೊಳ್ಳುತ್ತಾರೆ ಅಂತ. ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಕೂರಿಸಿ ಹೇಳಿದವರು ಕಡಿಮೆ. ಜನರನ್ನು ಬೈದು ಪ್ರಯೋಜನವಿಲ್ಲ.

ಬೆಂಗಳೂರಿನ ನೀರಿಗೂ ಇದಕ್ಕೂ ಏನು ಸಂಬಂಧ?

2024ರ ಮಾರ್ಚ್‌ನಲ್ಲಿ ನಗರದ ಸುಮಾರು 13,900 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನದೂ ಅದೇ ತಿಂಗಳು ಕೆಸರು ಉಗುಳಿ ಸುಮ್ಮನಾಯಿತು. ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು. ಹಿಂದಿನ ವರ್ಷದ ಮಳೆ ಕೈಕೊಟ್ಟಿದ್ದು ಒಂದು ಕಾರಣ, ಕೆರೆ ಮುಚ್ಚಿದ್ದು ಇನ್ನೊಂದು.

ಈಗ ನಗರಕ್ಕೆ ಕುಡಿಯುವ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಬಂದಿದೆ. ಸಂತೋಷ. ಆ ನೀರು ಸುಮಾರು 100 ಕಿ.ಮೀ. ದೂರದಿಂದ, ಗುಡ್ಡ ಹತ್ತಿಸಿದ ಹಾಗೆ ಪಂಪು ಮಾಡಿಕೊಂಡು ಬರಬೇಕು. ಪಂಪಿಗೆ ಕರೆಂಟು ಬೇಕು, ಕರೆಂಟಿಗೆ ಕಲ್ಲಿದ್ದಲು ಸುಡಬೇಕು, ಸುಟ್ಟರೆ ಮಳೆಯ ತಾಳ ತಪ್ಪುತ್ತದೆ, ತಪ್ಪಿದರೆ ಬೋರ್ ಬತ್ತುತ್ತದೆ, ಮತ್ತೆ ಪಂಪು.

ತೋಟದವರಿಗೆ ನಿಜಕ್ಕೂ ಏನು ಬದಲಾಗಿದೆ?

ಇದನ್ನು ಕೇಳಿದರೆ ನಮ್ಮ ಚಿಕ್ಕಪ್ಪ ರಾತ್ರಿಯಿಡೀ ಹೇಳುತ್ತಾರೆ. ನಾನು ಸ್ವಲ್ಪ ಹೇಳುತ್ತೇನೆ.

ಕಾಫಿಗೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂಮಳೆ ಬೇಕು. ಅದಾಗಿ ಕೆಲವು ವಾರಕ್ಕೆ ಕಾಯಿ ಕಚ್ಚಲು ಇನ್ನೊಂದು ಮಳೆ. ಎರಡರಲ್ಲಿ ಒಂದು ತಪ್ಪಿದರೂ ಫಸಲು ಹೋಯಿತು. ರೊಬಸ್ಟಾ ತಳಿಯ ಕಾಫಿ ಬೆಳೆಯುವವರು ಈಗ ಮೋಡ ನಂಬುವುದು ಬಿಟ್ಟು ಸ್ಪ್ರಿಂಕ್ಲರ್ ಹಾಕುತ್ತಾರೆ. ಕೆರೆಯಲ್ಲಿ ನೀರಿದ್ದವರಿಗೆ ಆಯಿತು, ಇಲ್ಲದವರು ಆಕಾಶ ನೋಡಬೇಕು. ಕೊಯ್ಲಾಗಿ ಕಣದಲ್ಲಿ ಹರಡಿದಾಗ ಬೇಡದ ಮಳೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆಮಂದಿಯೆಲ್ಲ ಟಾರ್ಪಾಲು ಎಳೆಯಲು ಓಡುವುದು ಈಗ ಡಿಸೆಂಬರಿನ ಸಾಮಾನ್ಯ ದೃಶ್ಯ.

ಅಡಿಕೆಗೆ ಕೊಳೆರೋಗ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುತ್ತದೆ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಅದಕ್ಕೆ ನಡುವೆ ಒಂದೆರಡು ದಿನ ಹೊಳವಾಗಬೇಕು. ಮೊದಲು ಪುನರ್ವಸು, ಪುಷ್ಯದ ನಡುವೆ ಎಲ್ಲೋ ಬಿಸಿಲು ಬೀಳುತ್ತದೆ ಅಂತ ಅಂದಾಜಿತ್ತು. ಅದನ್ನು ನೋಡಿಕೊಂಡು ಮರ ಹತ್ತುವ ಕೊನೆಗಾರರಿಗೆ ಹೇಳಿಡುತ್ತಿದ್ದರು. ಈಗ ಜೂನ್ ಒಣಗುತ್ತದೆ, ಆಮೇಲೆ ಇಪ್ಪತ್ತು ದಿನ ಬಿಡದೆ ಹೊಯ್ಯುತ್ತದೆ. ಹೊಳವಾದ ದಿನ ಊರಿಗೆಲ್ಲ ಒಟ್ಟಿಗೆ ಕೊನೆಗಾರರು ಬೇಕು. ಇರುವವರೇ ನಾಲ್ಕು ಜನ.

ನಮ್ಮದು ಬಡ ದೇಶ. ಅಮೆರಿಕ, ಚೀನಾ ಮೊದಲು ಮಾಡಲಿ, ಅಲ್ವಾ?

ನ್ಯಾಯದ ಮಾತು. ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಒಬ್ಬ ಭಾರತೀಯ ಸುಮಾರು 2. ಇಲ್ಲಿಯವರೆಗೆ ಗಾಳಿಗೆ ಸೇರಿದ್ದರಲ್ಲಿ ಹತ್ತಿರಹತ್ತಿರ ಕಾಲು ಭಾಗ ಅಮೆರಿಕ ಒಂದರದ್ದೇ. ಪಂಕ್ತಿಯಲ್ಲಿ ಮೊದಲು ಕೂತು ಹೋಳಿಗೆ ಮುಗಿಸಿದವರು ಕೊನೆಗೆ ಬಂದವರಿಗೆ ಮಿತವಾಗಿ ಉಣ್ಣಿ ಅಂದರೆ ಸಿಟ್ಟು ಬರುವುದು ಸಹಜ. ದುಡ್ಡು, ತಂತ್ರಜ್ಞಾನ ಕೊಡಿ ಅಂತ ಕೇಳುವ ಹಕ್ಕು ನಮಗಿದೆ.

ಆದರೆ ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕ ಬಿಟ್ಟರೆ ನಾವೇ. ಬಿಸಿಲು ಹೆಚ್ಚಾದರೆ ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ಮೊದಲು ಬೀಳುವವರೂ ನಮ್ಮವರೇ. 2070ಕ್ಕೆ ನಿವ್ವಳ ಶೂನ್ಯ ಅಂತ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿದೆ. 2025ರಲ್ಲಿ ನಮ್ಮ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಗ್ಯಾಸು ಅಲ್ಲದ ಮೂಲಗಳದ್ದಾಯಿತು. ಸಾಮರ್ಥ್ಯ ಅಂದೆ, ಗಮನಿಸಿ. ನಿಜವಾಗಿ ತಂತಿಯಲ್ಲಿ ಬರುವ ಕರೆಂಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಇನ್ನೂ ಕಲ್ಲಿದ್ದಲಿನದೇ.

ತುಮಕೂರು ಜಿಲ್ಲೆಯ ಪಾವಗಡಕ್ಕೆ ಒಮ್ಮೆ ಹೋಗಿ ಬನ್ನಿ. ಬರಕ್ಕೆ ಹೆಸರಾದ ತಾಲೂಕು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್. ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಗೆ ಶುರುಮಾಡಿದರು. ಒಳ್ಳೆಯ ಯೋಚನೆ. ಜಮೀನಿದ್ದವರಿಗೆ ಬಾಡಿಗೆ ಬಂತು. ಅದೇ ಜಮೀನಿಗೆ ಕೂಲಿಗೆ ಹೋಗುತ್ತಿದ್ದವರಿಗೆ ಕೂಲಿ ಹೋಯಿತು. ಅವಸರ ಅಂದ ಮಾತ್ರಕ್ಕೆ ಇಂಥವರನ್ನು ಮರೆತು ಓಡಬಾರದು.

ಗಿಡ ನೆಟ್ಟರೆ ಸಾಲದೇ?

ನೆಡಿ. ನೆರಳು, ನೀರು, ಹಕ್ಕಿ, ಎಲ್ಲಕ್ಕೂ ಬೇಕು. ಆದರೆ ಕಲ್ಲಿದ್ದಲು ಅಂದರೆ ಕೋಟ್ಯಂತರ ವರ್ಷ ನೆಲದೊಳಗೆ ಹೂತುಹೋಗಿದ್ದ ಕಾಡು. ಅದನ್ನು ಒಂದೆರಡು ಶತಮಾನದಲ್ಲಿ ಸುಟ್ಟು, ಮೇಲೆ ಉಳಿದಿರುವ ಜಾಗದಲ್ಲಿ ಗಿಡ ನೆಟ್ಟು ಸರಿದೂಗಿಸಲು ಆಗುವುದಿಲ್ಲ. ಜಾಗವೇ ಸಾಲದು.

ಹುಲಿಕಲ್‌ನಿಂದ ಕುದೂರಿನವರೆಗಿನ ಸಾಲುಮರದ ತಿಮ್ಮಕ್ಕನವರ ಸುಮಾರು 385 ಆಲದ ಮರಗಳನ್ನು ಎಲ್ಲರೂ ನೆನೆಯುತ್ತಾರೆ. ಅವರು ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದನ್ನು ಮರೆಯುತ್ತಾರೆ. ಜೂನ್ 5ರಂದು ಫೋಟೋ ತೆಗೆಸಿಕೊಂಡ ಸಸಿ ಮುಂದಿನ ಜೂನ್ 5ಕ್ಕೆ ಬದುಕಿದೆಯಾ ನೋಡಿ. ಒಂದು ವಿಷಯ ಮಾತ್ರ ಖಾತ್ರಿ: ಇರುವ ಹಳೆ ಮರ ಉಳಿಸುವುದು ಹೊಸದು ನೆಡುವುದಕ್ಕಿಂತ ಲಾಭ.

ಹೊಂದಿಕೊಂಡು ಹೋದರೆ ಆಯ್ತಲ್ಲ?

ಹೊಂದಿಕೊಳ್ಳಲೇಬೇಕು. ಕೃಷಿ ಹೊಂಡ, ರಾಗಿ, ಸಾಮೆ, ನವಣೆ, ಕೆರೆ ಹೂಳೆತ್ತುವುದು ಎಲ್ಲ ಬೇಕು. ಇವು ನಮಗೆ ಹೊಸತೂ ಅಲ್ಲ. ಆದರೆ ಎಷ್ಟಕ್ಕೆ ಹೊಂದಿಕೊಳ್ಳಬೇಕು ಅಂತ ತೀರ್ಮಾನ ಆಗುವುದು ಎಷ್ಟು ಸುಡುತ್ತೇವೆ ಅನ್ನುವುದರ ಮೇಲೆ. ಸೆಕೆಯೂ ತೇವವೂ ಒಂದು ಮಟ್ಟ ದಾಟಿದರೆ ಬೆವರು ಆರುವುದೇ ಇಲ್ಲ, ನೆರಳಲ್ಲಿ ಕೂತವನೂ ಉಳಿಯುವುದಿಲ್ಲ. ಆ ಮಟ್ಟದ ಸೆಕೆಗೆ ದೇಹಕ್ಕೆ ಹೊಂದಾಣಿಕೆಯ ತರಬೇತಿ ಕೊಡಲು ಬರುವುದಿಲ್ಲ.

ನಾನೊಬ್ಬ ಮಾಡಿದರೆ ಏನಾಗುತ್ತದೆ?

ಒಬ್ಬರಿಂದ ಭೂಮಿ ತಂಪಾಗುವುದಿಲ್ಲ. ಅದನ್ನು ಒಪ್ಪಿಕೊಂಡು ಶುರುಮಾಡೋಣ. ಹಾಗಿದ್ದರೂ ಯಾವುದು ದೊಡ್ಡದು, ಯಾವುದು ಚಿಕ್ಕದು ಗೊತ್ತಿರಲಿ. ಪ್ಲಾಸ್ಟಿಕ್ ಸ್ಟ್ರಾ ಬಿಡುವುದು ಒಳ್ಳೆಯದೇ, ಆದರೆ ಅದು ಬೇರೆ ಸಮಸ್ಯೆ. ದೊಡ್ಡವು ಅಂದರೆ ವಿಮಾನ, ಒಬ್ಬರೇ ಕೂತು ಹೋಗುವ ಕಾರು, ಎಸಿ.

ಹಳೆಯ ಫ್ಯಾನ್ 70–75 ವ್ಯಾಟ್ ತಿನ್ನುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ ಆದವರ ಮನೆಯಲ್ಲಿ ಇದನ್ನು ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ, ಅದೂ ಗೊತ್ತು. ತಾರಸಿ ಸ್ವಂತದ್ದಾದರೆ ಸೋಲಾರ್ ಹಾಕಿಸಿ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಊರಿನಲ್ಲಿ ಸೌದೆ ಒಲೆಯೇ ಗತಿಯಾದರೆ ಅಸ್ತ್ರ ಒಲೆ ನೆನಪಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದದ್ದು, ಸೌದೆಯೂ ಉಳಿಯುತ್ತದೆ, ಅಮ್ಮನ ಕಣ್ಣೂ ಉಳಿಯುತ್ತದೆ. ಕೊಟ್ಟಿಗೆ ಇದ್ದರೆ ಗೋಬರ್ ಗ್ಯಾಸ್ ಇನ್ನೂ ವಾಸಿ.

ಕೈ ಮೀರಿ ಹೋಗಿದೆ ಅನ್ನುತ್ತಾರಲ್ಲ, ಇನ್ನು ಯಾಕೆ ಒದ್ದಾಡಬೇಕು?

ಹತ್ತು ಹದಿನೈದು ವರ್ಷದ ಹಿಂದೆ ಈ ಶತಮಾನದ ಕೊನೆಗೆ 4 ಡಿಗ್ರಿಯ ಹತ್ತಿರ ಹೋಗುತ್ತೇವೆ ಅನ್ನುವ ಭಯ ಇತ್ತು. ಈಗಿನ ನೀತಿಗಳ ಪ್ರಕಾರ 3ರ ಆಸುಪಾಸು, ಅದಕ್ಕೂ ಸ್ವಲ್ಪ ಕಮ್ಮಿ. ಸಾಲದು. ಆದರೆ ಆ ಒಂದು ಡಿಗ್ರಿ ತಾನಾಗಿ ಇಳಿದದ್ದಲ್ಲ. ಓಝೋನ್ ಪದರದ ವಿಷಯದಲ್ಲಿ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡು, ಅದನ್ನು ಪಾಲಿಸಿ, ಈಗ ಆ ತೂತು ನಿಧಾನಕ್ಕೆ ಮುಚ್ಚುತ್ತಿರುವುದೂ ನಮ್ಮ ಕಾಲದ್ದೇ ಕಥೆ.

ನಮ್ಮ ಊರಿನ ಮಟ್ಟದಲ್ಲಿ ಯಾರನ್ನು, ಏನು ಕೇಳಬೇಕು?

ಗ್ರಾಮ ಸಭೆಗೆ ಹೋಗಿ. ಕುರ್ಚಿಗಳು ಖಾಲಿ ಇರುತ್ತವೆ, ಮಾತಾಡಲು ಸಮಯ ಸಿಗುತ್ತದೆ. ಕೆರೆಯ ಸರ್ವೆ ಆಗಿದೆಯಾ, ಗಡಿ ಕಲ್ಲು ಎಲ್ಲಿದೆ ಕೇಳಿ. ರಸ್ತೆಗೆ ಗುಡ್ಡ ಕಡಿಯುವ ಕಾಮಗಾರಿ ಇದ್ದರೆ ನೀರು ಹರಿದು ಹೋಗುವ ದಾರಿ ನಕ್ಷೆಯಲ್ಲಿ ತೋರಿಸಿ ಅನ್ನಿ. ಶಾಲೆ, ಪಂಚಾಯಿತಿ ಕಟ್ಟಡದ ಮೇಲೆ ಸೋಲಾರ್ ಯಾಕಿಲ್ಲ ಕೇಳಿ. ಹೇಳಿದ್ದೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಏಳಬೇಡಿ. ಕಳೆದ ಸಲ ನಮ್ಮೂರಿನಲ್ಲಿ ಚಿಕ್ಕಪ್ಪ ಹೀಗೆ ಕೂತೇ ಇದ್ದರು. ಟೀ ಎರಡು ಸಲ ಬಂತು, ಕೊನೆಗೆ ಕೆರೆಯ ಸರ್ವೆ ಅಂತ ಒಂದು ಸಾಲು ಬರೆದರು. ಅಳತೆಯವರು ಇನ್ನೂ ಬಂದಿಲ್ಲ. ಮುಂದಿನ ಸಭೆಗೂ ಹೋಗುತ್ತಾರಂತೆ.